ಮಳೆ ತಡೆಯುವವಳ ಟಿಕೆಟ್ಟು

ಆ ಭಾನುವಾರ ಬೆಳಿಗ್ಗೆ ತುಮಿರಾ ತಲೆಗೆ ಸ್ನಾನ ಮಾಡಿದಳು. ಅದೇನು ಮಹಾ ಸುದ್ದಿ ಎಂದು ಬೇರೆ ಊರಿನವರು ಕೇಳಬಹುದು. ಮಲಾಂಗ್ ಊರಿನ ಆ ಓಣಿಯಲ್ಲಿ ಮಾತ್ರ ಅದು ಸುದ್ದಿಯೇ. ಒದ್ದೆ ಕೂದಲನ್ನು ಬೆನ್ನ ಮೇಲೆ ಹರಡಿಕೊಂಡು ಅವಳು ಬಾಗಿಲಿಗೆ ಬಂದು ನಿಂತಾಗ, ಅಂಗಳ ಗುಡಿಸುತ್ತಿದ್ದ ಎದುರುಮನೆಯವಳು ಪೊರಕೆಯನ್ನು ಹಾಗೇ ನಿಲ್ಲಿಸಿಬಿಟ್ಟಳು.

"ಬು! ಇವತ್ತು ಲಾಹರ್‌ನೋರ ಹಾಡಿನ ಆಟ ಅಲ್ವಾ? ಸ್ನಾನ ಮಾಡ್ಬಿಟ್ರಾ?" ಹಿರಿಯ ಹೆಂಗಸರನ್ನು ಅಲ್ಲಿ ಬು, ಅಂದರೆ ಅಮ್ಮ, ಎಂದು ಕರೆಯುತ್ತಾರೆ.

"ಮಾಡ್ದೆ. ತಲೆಗೇ ಮಾಡ್ದೆ. ಎರಡು ಸಲ ಶಾಂಪೂ ಹಾಕಿ ತೊಳ್ದೆ."

"ಅಯ್ಯೋ, ಹಾಗಾದ್ರೆ ಮಳೆ ಗತಿ?"

"ಮಳೆ ಪಾಡು ಮಳೆಗೆ, ನನ್ನ ಪಾಡು ನನಗೆ," ಎಂದು ತುಮಿರಾ ಒಳಗೆ ಹೋದಳು. ಹೇಳಿದ್ದೇನೋ ಜಂಬದಿಂದಲೇ. ಹೋದವಳೇ ಕಿಟಕಿಯಿಂದ ಪಡುವಣದ ಆಕಾಶ ನೋಡಿದಳು.

ತುಮಿರಾಳ ಕಸುಬು ಎರಡು. ಬೆಳಗಿನ ಹೊತ್ತು ಓಣಿಯ ತುದಿಯಲ್ಲಿ ಕೂತು ಪೆಚೆಲ್ ಮಾರುತ್ತಾಳೆ. ಅನ್ನ, ಬೇಯಿಸಿದ ಸೊಪ್ಪು, ಮೇಲೆ ಕಡಲೆಕಾಯಿ ಖಾರ, ಪಕ್ಕಕ್ಕೆ ಸೋಯಾಕಾಳಿನಿಂದ ಮಾಡಿ ಕರಿದ ತೆಂಪೆಯ ಒಂದು ತುಂಡು, ಎಲ್ಲ ಬಾಳೆಲೆಯಲ್ಲಿ. ಇನ್ನೊಂದು ಕಸುಬು ಅಪ್ಪನಿಂದ ಬಂದದ್ದು: ಮಳೆ ತಡೆಯುವುದು. ಮದುವೆಯಾಗಲಿ, ಮುಂಜಿಯಾಗಲಿ, ಚುನಾವಣೆಯ ಭಾಷಣವಾಗಲಿ, ಬಯಲಲ್ಲಿ ಪೆಂಡಾಲು ಹಾಕುವವರು ಮೊದಲು ಬಂದು ಬಾಗಿಲು ತಟ್ಟುವುದು ಅವಳ ಮನೆಯದು. ಅಡುಗೆಯವರನ್ನು ಆಮೇಲೆ ಹುಡುಕುತ್ತಾರೆ.

ಈ ಕೆಲಸಕ್ಕೆ ಕಟ್ಟಳೆ ಬಹಳ. ಹಿಂದಿನ ದಿನದಿಂದ ಉಪವಾಸ. ಮೈಗೆ ನೀರು ಸೋಕಬಾರದು. ಸ್ನಾನ ಹಾಗಿರಲಿ, ಮುಖ ತೊಳೆಯುವಂತಿಲ್ಲ, ಬಾಯಾರಿದರೆ ಗುಟುಕು ಕುಡಿಯುವಂತಿಲ್ಲ. ಕಡ್ಡಿಪೊರಕೆಯನ್ನು ತಲೆಕೆಳಗಾಗಿ ನೆಲಕ್ಕೆ ನೆಟ್ಟು, ಕಡ್ಡಿಯ ತುದಿಗಳಿಗೆ ಕೆಂಪು ಮೆಣಸಿನಕಾಯಿಯನ್ನೂ ಸಣ್ಣ ಈರುಳ್ಳಿಯನ್ನೂ ಚುಚ್ಚಿ, ಕೆಂಡದ ಮೇಲೆ ಧೂಪ ಹಾಕಿ, ಮಳೆ ಬರುವ ದಿಕ್ಕಿಗೆ ಮುಖ ಮಾಡಿ ಕೂರಬೇಕು. ಕೂತ ಮೇಲೆ ಕೆಲಸ ಮುಗಿಯುವ ತನಕ ಕತ್ತು ತಿರುಗಿಸಬಾರದು. "ತಡೆಯೋಕೆ ನಾವ್ಯಾರಮ್ಮ?" ಎನ್ನುತ್ತಿದ್ದರು ಅವಳ ಅಪ್ಪ. "ಇವತ್ತೊಂದಿನ ಸ್ವಲ್ಪ ಆಚೆ ಹೋಗಿ ಸುರಿಯಪ್ಪ ಅಂತ ಕೇಳ್ಕೊಳ್ಳೋದು, ಅಷ್ಟೆ. ಬೆನ್ನು ತೋರ್ಸಿ ಯಾರಾದ್ರೂ ಉಪಕಾರ ಕೇಳ್ತಾರಾ?" ಕರೆಸಿದವರಿಗೂ ಒಂದು ಕಟ್ಟಳೆ ಉಂಟು: ಆ ದಿನ ಅವರೂ ಸ್ನಾನ ಮಾಡಬಾರದು. ಎಷ್ಟೋ ಮದುವೆಗಂಡುಗಳು ಬರೀ ಅತ್ತರು ಬಳಿದುಕೊಂಡು ಮಂಟಪ ಹತ್ತಿದ್ದನ್ನು ಮಲಾಂಗ್ ಕಂಡಿದೆ, ಮೂಸಿಯೂ ಇದೆ.

ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ತಾಯಿ ಸುರಬಾಯಾಕ್ಕೆ ಮನೆಗೆಲಸಕ್ಕೆಂದು ಹೋದವಳು ತುಮಿರಾಗೆ ಒಂಬತ್ತು ತುಂಬಿದರೂ ಬರಲಿಲ್ಲ, ಆಮೇಲೂ ಬರಲಿಲ್ಲ. ಹಾಗಾಗಿ ಹುಡುಗಿ ಅಪ್ಪನ ಹಿಂದೆ ಪೊರಕೆ, ಮೆಣಸಿನಕಾಯಿ ಹೊತ್ತುಕೊಂಡು ತಿರುಗುತ್ತಲೇ ಕೆಲಸ ಕಲಿತಳು.

ಅವಳಿಗೆ ಇಪ್ಪತ್ತನಾಲ್ಕಾಗಿದ್ದಾಗ ಒಂದು ಸಲ ಅಪ್ಪ ಜ್ವರದಲ್ಲಿ ಮಲಗಿದ್ದರು. ಆಗ ಕರೆ ಬಂದದ್ದು ಲಾಹರ್‌ನಿಂದ. ಜ್ವಾಲಾಮುಖಿ ಉಕ್ಕಿದಾಗ ಬೆಟ್ಟದಿಂದ ಇಳಿದು ಬರುವ ಕುದಿಕೆಸರಿಗೆ ಅಲ್ಲಿ ಲಾಹರ್ ಎನ್ನುತ್ತಾರೆ. ಆ ಹೆಸರಿಟ್ಟುಕೊಂಡ ನಾಲ್ಕು ಜನ ಈ ಊರಿನ ಹುಡುಗರೇ, ರಾಕ್ ಹಾಡುತ್ತಿದ್ದರು. ಉದ್ದ ಕೂದಲು, ಹರಕು ಜೀನ್ಸು. ಅವರ ಹಾಡನ್ನು ತಾಯಂದಿರು ಗದ್ದಲ ಎನ್ನುತ್ತಿದ್ದರು, ಮಕ್ಕಳು ಗೋಡೆಯ ಮೇಲೆಲ್ಲ ಅವರ ಹೆಸರು ಬರೆಯುತ್ತಿದ್ದರು. ತುಮಿರಾ ಇದ್ಯಾವುದಕ್ಕೂ ತಲೆ ಕೆಡಿಸಿಕೊಂಡವಳಲ್ಲ. ಹೋದಳು, ವೇದಿಕೆಯ ಹಿಂದೆ ಪೊರಕೆ ನೆಟ್ಟಳು, ಪಡುವಣದ ಕಾವಿ ಬೆಟ್ಟಕ್ಕೆ ಮುಖ ಮಾಡಿ ಕೂತಳು. ಅಲ್ಲಿಗೆ ಮಳೆ ಬರುವುದೇ ಆ ಕಡೆಯಿಂದ.

ಹಾಡು ಶುರುವಾಯಿತು. ಡ್ರಮ್ಮಿನ ಪೆಟ್ಟು ನೆಲದೊಳಗಿಂದ ಬಂದು ಅವಳ ಬೆನ್ನುಮೂಳೆ ಹತ್ತಿತು. ಮೂರನೆಯದೋ ನಾಲ್ಕನೆಯದೋ ಹಾಡು ಮೆಲ್ಲಗಿತ್ತು: ಬಸ್‌ಸ್ಟ್ಯಾಂಡಿನಲ್ಲಿ ಅಮ್ಮನಿಗಾಗಿ ಕಾಯುವ ಮಗು, ಬಂದ ಬಸ್ಸಿನಿಂದ ಇಳಿಯುವವರ ಕಾಲುಗಳನ್ನಷ್ಟೇ ನೋಡುತ್ತ ನಿಂತ ಮಗು. ಹಾಡುತ್ತಿದ್ದ ಹೆಂಕಿ ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ತನ್ನ ಒಂಬತ್ತನೆಯ ವರ್ಷದ ಸಂಗತಿ ಇವನಿಗೆ ಹೇಗೆ ಗೊತ್ತಾಯಿತು ಎಂದು ಅವಳು ಬೆರಗಾದಳು. ತಿರುಗಿ ಆ ಮುಖ ನೋಡಬೇಕು ಅನ್ನಿಸಿತು. ತಿರುಗುವಂತಿರಲಿಲ್ಲ. ಕಾವಿಯ ಮೇಲಿನ ಮೋಡವನ್ನೇ ದಿಟ್ಟಿಸುತ್ತ ಕೂತಳು.

ಅಂದು ಹನಿ ಬೀಳಲಿಲ್ಲ. ಅಪ್ಪನ ಜಾಗ ಅಂದಿನಿಂದ ಮಗಳಿಗಾಯಿತು. ಮುಂದೆ ಇಪ್ಪತ್ತೆಂಟು ವರ್ಷ ಲಾಹರ್ ಮಲಾಂಗ್‌ನಲ್ಲಿ ಹಾಡಿದಾಗೆಲ್ಲ ವೇದಿಕೆಯ ಹಿಂದೆ ತುಮಿರಾ ಇದ್ದಳು. ಒಂದೇ ಒಂದು ಸಲ ಮಳೆ ಸುರಿದು ಆಟ ಕೆಟ್ಟಿತು. ವಿಚಾರಣೆಯಾದಾಗ ಬಾಸ್ ಗಿಟಾರಿನ ತೊಟೊಕ್, ಹೊಸ ಹುಡುಗಿ ನೋಡಲು ಬರುತ್ತಾಳೆಂದು ಹೋಟೆಲಿನಲ್ಲಿ ಕಳ್ಳತನದಿಂದ ತಲೆ ತೊಳೆದುಕೊಂಡದ್ದು ಹೊರಬಿತ್ತು. ಅವನಿಗೆ ಆಗ ಬಿದ್ದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಆಮೇಲೆ ಯಾರೂ ಹಾಗೆ ಮಾಡಲಿಲ್ಲ. ಮಲಾಂಗ್ ಆಟದ ದಿನ ಲಾಹರ್‌ನವರು ಹತ್ತಿರ ಸುಳಿದರೆ ಮೂಗು ಮುಚ್ಚಿಕೊಳ್ಳಬೇಕು ಎಂಬುದು ಊರಿಗೇ ಗೊತ್ತಿದ್ದ ಮಾತಾಯಿತು.

ಮದುವೆಮನೆಯ ಅಡುಗೆಯವಳಿಗೆ ಧಾರೆ ನೋಡುವ ಭಾಗ್ಯ ಇಲ್ಲವಲ್ಲ, ತುಮಿರಾಳದ್ದೂ ಅದೇ ಕಥೆ. ಆಟಕ್ಕೆ ಮೊದಲು ಆ ನಾಲ್ವರೂ ಅವಳ ಕೈಯ ಪೆಚೆಲ್ ತಿಂದವರು, ಅಂಗಿ ಬಿಚ್ಚಿ ಹೊಟ್ಟೆ ಕೆರೆದುಕೊಳ್ಳುತ್ತ ಅವಳೊಡನೆ ಹರಟಿದವರು. ಅವರು ವೇದಿಕೆ ಹತ್ತಿ ಏನಾಗುತ್ತಾರೆ ಎಂಬುದನ್ನು ಮಾತ್ರ ಅವಳು ಕಂಡಿರಲಿಲ್ಲ. ಸಾವಿರಾರು ಜನ ಒಟ್ಟಿಗೆ ಹೋ ಎನ್ನುತ್ತಿದ್ದರು. ಯಾಕೆ ಹೋ ಎಂದರು, ಹೆಂಕಿ ಏನು ಮಾಡಿದ, ಕೈ ಎತ್ತಿದನೋ, ಕುಣಿದನೋ, ನಕ್ಕನೋ? ಬೆನ್ನಿಗೆ ಕಣ್ಣಿಲ್ಲವಲ್ಲ. ಮಗಳು ಫೋನಿನಲ್ಲಿ ವಿಡಿಯೊ ತೋರಿಸಿದಳು. ಅಂಗೈಯಗಲದ ಹೆಂಕಿ ಇರುವೆಯ ಹಾಗೆ ಓಡಾಡುತ್ತಿದ್ದ. "ಇದ್ರಲ್ಲಿ ನೆಲ ಅದುರಲ್ಲ ಕಣೆ," ಎಂದು ತುಮಿರಾ ಫೋನು ವಾಪಸು ಕೊಟ್ಟಳು.

ಹೀಗಿರುವಾಗ ಲಾಹರ್ ನಿಲ್ಲಿಸುತ್ತಾರೆ ಎಂಬ ಸುದ್ದಿ ಬಂತು. ಕೊನೆಯ ಆಟ ಮಲಾಂಗ್‌ನಲ್ಲೇ. ಎಲ್ಲ ವ್ಯವಸ್ಥೆ ನೋಡಿಕೊಳ್ಳುವ ಬಸುಕಿ ಅಕ್ಟೋಬರಿನಲ್ಲಿ ಅವಳ ಅಂಗಡಿಗೆ ಬಂದು ಪೆಚೆಲ್ ಕಟ್ಟಿಸಿಕೊಳ್ಳುತ್ತ ಹೇಳಿದ:

"ನವೆಂಬರ್ ಹದಿನೇಳು ಬು. ಮಧ್ಯಾಹ್ನ ಎರಡಕ್ಕೆ ಶುರು, ಸಂಜೆ ಮಗ್ರಿಬ್ ಬಾಂಗಿಗೆ ಮೊದಲೇ ಮುಗ್ಸೋದು. ಹಾಡೋರಿಗೂ ವಯಸ್ಸಾಯ್ತು, ಕೇಳೋರಿಗೂ ವಯಸ್ಸಾಯ್ತು. ರಾತ್ರಿಯಾದ್ರೆ ಯಾರ ಸೊಂಟಾನೂ ನಿಲ್ಲಲ್ಲ."

"ಮಾಸ್ ಬಸುಕಿ, ಈ ಸಲ ನಾನು ಕೂರಲ್ಲ." ಮಾಸ್ ಎಂದರೆ ಅಣ್ಣ.

"ಯಾಕೆ ಬು? ಮೈಯಲ್ಲಿ ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಟಿಕೆಟ್ ತಗೊಂಡು ಮುಂದೆ ನಿಂತು ನೋಡ್ತೀನಿ."

ಬಸುಕಿ ನಗಲು ಶುರುಮಾಡಿದವನು ಅವಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. "ಟಿಕೆಟ್ಟಾ? ನೀವಾ? ಬು, ನಮ್ಮ ಮನೆಯೋರೇ ಟಿಕೆಟ್ ತಗೋತಾರಾ? ಹಿಂದುಗಡೆ ಆರಾಮಾಗಿ ಕೂತು..."

"ಹಿಂದುಗಡೆಯಿಂದ ಏನ್ ಕಾಣುತ್ತೆ ಮಾಸ್? ಜನರೇಟರ್ ಕಾಣುತ್ತೆ. ನಿಮ್ಮ ಆಳುಗಳು ಗೋಡೆ ಕಡೆ ತಿರುಗಿ ಉಚ್ಚೆ ಹೊಯ್ಯೋದು ಕಾಣುತ್ತೆ. ಇಪ್ಪತ್ತೆಂಟು ವರ್ಷ ನೋಡಿದೀನಿ, ಸಾಕು."

"ನವೆಂಬರ್ ತಿಂಗಳು ಬು! ಮಧ್ಯಾಹ್ನದ ಹೊತ್ತು ಬೇರೆ. ದಿನಾ ಮೂರಕ್ಕೆ ಸರಿಯಾಗಿ ಸುರೀತಾ ಇದೆ."

"ಬ್ಲಿಟಾರ್‌ನ ಪಾಕ್ ದಿರುನ್‌ನ ಕರ್ಸಿ. ನನಗಿಂತ ಹಳೇ ಕೈ."

ಬಸುಕಿ ಇನ್ನೂ ಎರಡು ಸಲ ಬಂದ, ಎರಡು ಸಲವೂ ಪೆಚೆಲ್ ತಿಂದು ಹೋದ. ತುಮಿರಾ ಬಗ್ಗಲಿಲ್ಲ. ಒಂದು ಮಧ್ಯಾಹ್ನ ಗಿಟಾರು ಮಾರುವ ಅಂಗಡಿಗೆ ಹೋಗಿ ಟಿಕೆಟ್ಟು ಕೊಂಡಳು. ಕೌಂಟರಿನವನು "ಮೊಮ್ಮಗನಿಗಾ ಬು?" ಎಂದ. "ಅಲ್ಲ, ನನಗೆ. ಮುಂದಿಂದೇ ಕೊಡು," ಎಂದಳು.

ಗಂಡ ಸರ್ಮುಜಿ ಸೈಕಲ್ ರಿಕ್ಷಾ ತುಳಿಯುವವನು. ರಾಕ್ ಎಂದರೆ ಅವನಿಗೆ ತಗಡಿನ ಮೇಲೆ ತೆಂಗಿನಕಾಯಿ ಉರುಳಿದ ಸದ್ದು. ಹೆಂಡತಿಯ ಎರಡನೆಯ ಕಸುಬಿನ ಮೇಲೂ ಅವನಿಗೆ ಅಂಥ ಭಕ್ತಿಯೇನಿಲ್ಲ. ಟಿಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ ಕಿಸಕ್ಕನೆ ನಕ್ಕ. ಗಂಡಹೆಂಡಿರು ಒಬ್ಬರನ್ನೊಬ್ಬರು ಪಾಕ್ನೆ, ಬುನೆ ಎಂದೇ ಕರೆಯುತ್ತಿದ್ದರು: ಮಕ್ಕಳ ಅಪ್ಪ, ಮಕ್ಕಳ ಅಮ್ಮ.

"ಬುನೆ, ಒಂದು ಮಾತು ಕೇಳ್ಲಾ? ನೀನು ಕೂರದೇನೇ ಅವತ್ತು ಮಳೆ ಬರ್ದೆ ಹೋದ್ರೆ?"

"ದಿರುನ್ ಕೂರ್ತಾರಲ್ಲ ಪಾಕ್ನೆ."

"ಅವನೂ ಕೂರ್ಲಿಲ್ಲ ಅನ್ಕೋ. ಯಾರೂ ಕೂರ್ಲಿಲ್ಲ, ಮಳೆನೂ ಬರ್ಲಿಲ್ಲ. ಆಗ? ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅನ್ನೋ ಹಾಗೆ ಇಷ್ಟು ವರ್ಷ ನಡೀತಾ ಇತ್ತು ಅಂತ ಆಗ್ಲಿಲ್ವಾ?"

"ನಿಮ್ಮ ಬಾಯಿಗೆ ಸ್ವಲ್ಪ ಬೀಗ ಹಾಕಿ," ಎಂದು ತುಮಿರಾ ಟಿಕೆಟ್ಟು ಕಿತ್ತುಕೊಂಡಳು. ಆ ಮಾತು ಮಾತ್ರ ಹಲ್ಲಿಗೆ ಸಿಕ್ಕಿಕೊಂಡ ನಾರಿನಂತೆ ಎಷ್ಟು ದಿನವಾದರೂ ಹೋಗಲಿಲ್ಲ.

ತಲೆಸ್ನಾನಕ್ಕೂ ಕಾರಣವಿತ್ತು. ತನ್ನ ಮನಸ್ಸು ಎಷ್ಟು ಮೆದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಕೊನೆ ಗಳಿಗೆಯಲ್ಲಿ ಬಸುಕಿ ಕೈಮುಗಿದು ನಿಂತರೆ ಕರಗಿಬಿಡುತ್ತಾಳೆ. ಕೂದಲಿಗೇ ನೀರು ಸೋಕಿದ ಮೇಲೆ ಬ್ರಹ್ಮ ಬಂದು ಕರೆದರೂ ಕೂರುವಂತಿಲ್ಲ. ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳಲು ಬೆಳಿಗ್ಗೆ ಎದ್ದವಳೇ ಚೆಂಬು ಹಿಡಿದದ್ದು.

ಮಧ್ಯಾಹ್ನ ಒಂದಕ್ಕೆ ಸರ್ಮುಜಿ ಅವಳನ್ನು ರಿಕ್ಷಾದಲ್ಲಿ ಮೈದಾನದ ಬಾಗಿಲಿಗೆ ಬಿಟ್ಟ. ಲಾಹರ್ ಎಂದು ಬರೆದ ಕಪ್ಪು ಅಂಗಿ ತೊಟ್ಟ ಜನ ಸಾಲುಗಟ್ಟಿದ್ದರು. ಇಪ್ಪತ್ತರಲ್ಲಿ ಕೊಂಡ ಅಂಗಿಗಳು, ಐವತ್ತರ ಹೊಟ್ಟೆಗಳು. ಎಲ್ಲಿಂದಲೋ ಬಸುಕಿ ಓಡಿಬಂದ. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು.

"ಬು, ದಿರುನ್ ಬರ್ಲಿಲ್ಲ!"

"ಯಾಕಂತೆ?"

"ಒಪ್ಕೊಂಡಿದ್ರು. ಈಗ ಫೋನ್ ಮಾಡಿದ್ರೆ, 'ಅದು ಬು ತುಮಿರಾ ಕೂತ ಜಾಗ. ಅವರ ಒಲೆಯಿಂದ ಕೆಂಡ ಬರ್ಲಿಲ್ಲ, ಬಾಯಿಮಾತೂ ಬರ್ಲಿಲ್ಲ. ಅವರು ಕೊಡ್ದೆ ನಾನು ಹೇಗೆ ಕೂರ್ಲಿ? ಅದಕ್ಕೆ ಹೊರಡ್ಲೇ ಇಲ್ಲ' ಅಂತಾರೆ."

ತುಮಿರಾ ಹಣೆ ಚಚ್ಚಿಕೊಂಡಳು. ದಿರುನ್ ಹೇಳಿದ್ದರಲ್ಲಿ ತಪ್ಪೇ ಇರಲಿಲ್ಲ. ಜಾಗ ಬಿಡುವವರು ತಮ್ಮ ಒಲೆಯ ಒಂದು ಕೆಂಡವನ್ನು ಮುಂದಿನವರಿಗೆ ಕಳಿಸಿಕೊಡಬೇಕು. ಇಲ್ಲದಿದ್ದರೆ ಬಂದು ಕೂತವರು ಜಾಗ ಕದ್ದಂತೆ. ಅಪ್ಪ ಹೇಳಿಕೊಟ್ಟ ಮೊದಲ ಪಾಠಗಳಲ್ಲೊಂದು. ಟಿಕೆಟ್ಟಿನ ಸಂಭ್ರಮದಲ್ಲಿ ಅವಳಿಗೆ ಮರೆತೇಹೋಗಿತ್ತು.

"ಈಗ ಹೇಳಿದ್ರೂ ಬ್ಲಿಟಾರ್‌ನಿಂದ ಬರೋ ಹೊತ್ತಿಗೆ ಆಟ ಅರ್ಧ ಮುಗ್ದಿರುತ್ತೆ," ಎಂದ ಬಸುಕಿ. "ದಮ್ಮಯ್ಯ ಬು, ನೀವೇ ಕೂತ್ಬಿಡಿ. ಕುರ್ಚಿ ಹಾಕ್ಸಿದೀನಿ, ಪೊರಕೆ ತರ್ಸಿದೀನಿ."

ತುಮಿರಾ ತುರುಬು ಬಿಚ್ಚಿದಳು. ಒಳಗಿನ್ನೂ ಹಸಿಯಾಗಿದ್ದ ಕೂದಲು ಭುಜದ ಮೇಲೆ ಬಿತ್ತು, ಶಾಂಪೂವಿನ ವಾಸನೆ ಘಮ್ಮೆಂದಿತು. ಬಸುಕಿ ಅದನ್ನೂ ಅವಳ ಮುಖವನ್ನೂ ನೋಡಿ, ಪಡುವಣ ದಿಕ್ಕನ್ನು ನೋಡಿ, ತಲೆಯ ಮೇಲೆ ಕೈಹೊತ್ತು ಹೊರಟುಹೋದ.

ವೇದಿಕೆ ಎಂದಿನಂತೆ ಮೈದಾನದ ಪಶ್ಚಿಮದ ತುದಿಯಲ್ಲಿತ್ತು. ತುಮಿರಾ ಮುಂದಿನ ಕಬ್ಬಿಣದ ಕಂಬಿಗೆ ಆತು ನಿಂತಳು. ಪಕ್ಕದಲ್ಲಿ ಕೆದಿರಿಯಿಂದ ಬಂದ ವಿವಿಕ್ ಎಂಬ ದಪ್ಪ ಹೆಂಗಸು, ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಅಂತೆ. ಬಂದ ಐದು ನಿಮಿಷಕ್ಕೇ ಸ್ನೇಹವಾಗಿ ತುಮಿರಾಗೂ ಒಂದು ಲೋಟ ಐಸ್ ಟೀ ಕೊಡಿಸಿದಳು. ತುಮಿರಾ ಲೋಟ ಹಿಡಿದು ಒಂದು ಕ್ಷಣ ಅನುಮಾನಿಸಿ ಗಟಗಟ ಕುಡಿದಳು. ಆಟದ ದಿನ ಗಂಟಲಲ್ಲಿ ತಂಪು ಇಳಿದದ್ದು ಅದೇ ಮೊದಲು.

ಸರಿಯಾಗಿ ಎರಡಕ್ಕೆ ನಾಲ್ವರೂ ಬಂದರು. ಜನ ಹೋ ಎಂದರು. ಈ ಹೋ ಯಾವುದಕ್ಕೆ ಎಂದು ತುಮಿರಾಗೆ ಮೊದಲ ಸಲ ಗೊತ್ತಾಯಿತು: ಹೆಂಕಿ ಏನೂ ಮಾಡಿರಲಿಲ್ಲ, ಸುಮ್ಮನೆ ಬಂದು ನಿಂತಿದ್ದ. ಬಂದು ನಿಂತದ್ದಕ್ಕೇ ಜನ ಹೋ ಎನ್ನುತ್ತಿದ್ದರು. ಅವಳಿಗೆ ನಗು ಬಂತು.

ಆದರೆ ಎರಡು ಹಾಡು ಮುಗಿಯುವಷ್ಟರಲ್ಲಿ ಅವಳ ಕಣ್ಣು ಹೆಂಕಿಯ ತಲೆಯಿಂದ ವೇದಿಕೆಯ ಮಾಡಿಗೆ, ಮಾಡಿನಿಂದ ಅದರಾಚೆಯ ಕಾವಿಗೆ ಏರಿಬಿಟ್ಟಿತ್ತು. ಅಲ್ಲಿ ಮೋಡ ಕಟ್ಟುತ್ತಿತ್ತು. ಮೊದಲು ಬೂದಿ ಬಣ್ಣ, ಆಮೇಲೆ ಕೆಳಗಡೆ ಕಪ್ಪು. ಅಡಿ ಚಪ್ಪಟೆಯಾಗಿ, ತಲೆ ಉಬ್ಬಿ, ಅವಳಿಗೆ ಅಂಗೈಯ ಗೆರೆಯಷ್ಟು ಪರಿಚಯವಿದ್ದ ಮೋಡ. ಇಂಥದ್ದು ಮುಕ್ಕಾಲು ಗಂಟೆಯಲ್ಲಿ ಊರ ಮೇಲೆ ಬಂದು ನಿಲ್ಲುತ್ತದೆ. ವೇದಿಕೆಯ ಹಿಂದೆ ಯಾರೂ ಇಲ್ಲ. ಖಾಲಿ ಕುರ್ಚಿ, ಖಾಲಿ ಪೊರಕೆ.

ಅತ್ತ ದರಿ, ಇತ್ತ ಪುಲಿ. ಮಳೆ ಬಂದರೆ ತಾನೇ ಲಾಹರ್‌ನ ಕೊನೆಯ ಆಟ ಕೆಡಿಸಿದಂತೆ. ಒಂದು ಕೆಂಡ ಕಳಿಸಲು ಮರೆತ ತಪ್ಪಿಗೆ ಇಷ್ಟು ಸಾವಿರ ಜನ ಜೀವನವಿಡೀ ಕೊರಗುತ್ತಾರೆ. ಮಳೆ ಬಾರದಿದ್ದರೆ? ಗಂಡನ ಮಾತು ನಿಜವಾಗುತ್ತದೆ. ಇಪ್ಪತ್ತೆಂಟು ವರ್ಷದ ಉಪವಾಸ, ಒಣಗಿದ ಗಂಟಲು, ನೋಯುವ ಕತ್ತು, ಅಪ್ಪ ಕಲಿಸಿದ ವಿದ್ಯೆ, ಎಲ್ಲ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ನಾಚಿಕೆಯಾದರೂ ಇದ್ದದ್ದು ಇದ್ದ ಹಾಗೇ ಹೇಳಬೇಕು: ಒಂದು ಗಳಿಗೆ ಅವಳು ಮನಸ್ಸಿನಲ್ಲೇ ಮಳೆಯನ್ನು ಬಾ ಎಂದು ಕರೆದಳು. ನಾಲ್ಕೇ ಹನಿ ಬೀಳಲಿ, ನನ್ನ ಮಾನ ಉಳಿಯುವಷ್ಟು ಬೀಳಲಿ ಎಂದು. ಕರೆದ ಮರುಕ್ಷಣವೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಬು," ವಿವಿಕ್ ಮೊಣಕೈಯಿಂದ ತಿವಿದಳು. "ಹಾಡೋರು ಕೆಳಗಿದಾರೆ. ಮೇಲ್ಗಡೆ ಯಾರನ್ನ ನೋಡ್ತಾ ಇದೀರಾ, ಅಲ್ಲಾಹನನ್ನಾ?"

"ಮೋಡ ನೋಡ್ತಾ ಇದೀನಿ."

"ಮೋಡಾನ ಮನೆ ಜಗಲಿ ಮೇಲೆ ಕೂತು ನೋಡ್ಬಹುದಿತ್ತು. ಅದಕ್ಕೆ ಟಿಕೆಟ್ ಯಾಕೆ?"

ತಮಾಷೆಗೆ ಆಡಿದ ಮಾತು. ತುಮಿರಾಳ ಎದೆಗೆ ಮಾತ್ರ ಅದು ನೆಟ್ಟಗೆ ಹೋಗಿ ನಾಟಿತು. ಹೌದು, ಮೂರು ಗಂಟೆಯಾಗುತ್ತ ಬಂತು. ಟಿಕೆಟ್ಟು ಕೊಂಡು, ಕಟ್ಟಳೆ ಮುರಿದು, ಮುಂದೆ ಬಂದು ನಿಂತೂ ತಾನು ನೋಡುತ್ತಿರುವುದು ಅದೇ ಕಾವಿಯನ್ನು, ಅದೇ ಮೋಡವನ್ನು. ಇವತ್ತೂ ನೋಡದಿದ್ದರೆ ಇನ್ನು ಯಾವತ್ತೂ ಇಲ್ಲ. ಅವಳು ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಹಟಮಾರಿ ಎಮ್ಮೆಯನ್ನು ಎಳೆದಂತೆ ಕಣ್ಣನ್ನು ಕೆಳಕ್ಕೆ ಎಳೆದು ತಂದಳು. ಬರುವುದು ಬರಲಿ ಎಂದುಕೊಂಡಳು.

ಆಮೇಲೆ ಅವಳು ಮೇಲೆ ನೋಡಲಿಲ್ಲ. ನೋಡಬೇಕಾದ್ದು ಕೆಳಗೇ ಎಷ್ಟೊಂದಿತ್ತು! ಡ್ರಮ್ಮು ಬಾರಿಸುವವನು ಬಾರಿಸುವಾಗೆಲ್ಲ ಯಾರೋ ಕಚಗುಳಿ ಇಟ್ಟಂತೆ ನಗುತ್ತಿದ್ದ. ಇಷ್ಟು ವರ್ಷ ಬೆನ್ನುಮೂಳೆಯನ್ನು ನಡುಗಿಸಿದ ಆ ಪೆಟ್ಟುಗಳು ಸಿಟ್ಟಿನವು ಎಂದುಕೊಂಡಿದ್ದಳು, ಅವು ನಗುವಿನವು. ತೊಟೊಕ್ ಕಷ್ಟದ ಜಾಗ ಬಂದಾಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದ, ಕಾಪಿ ಬರೆಯುವ ಮಗುವಿನಂತೆ. ಬಸ್‌ಸ್ಟ್ಯಾಂಡಿನ ಹಾಡು ಬಂತು. ಹೆಂಕಿ ಅದನ್ನು ಕಣ್ಣು ಮುಚ್ಚಿಕೊಂಡು ಹಾಡಿದ. ಇಡೀ ಹಾಡಿಗೆ ಒಮ್ಮೆಯೂ ತೆರೆಯಲಿಲ್ಲ, ಒಂದು ಕೈ ಮಾತ್ರ ಸೊಂಟದ ಎತ್ತರದಲ್ಲಿ ಗಾಳಿಯಲ್ಲಿ ನಿಂತಿತ್ತು, ಯಾರೋ ಹಿಡಿದುಕೊಳ್ಳಲಿ ಎಂದು ನೀಡಿದಂತೆ. ಅದು ಮಗುವಿನ ಕೈ ಎಂದು ತುಮಿರಾಗೆ ಹೊಳೆದಾಗ ಅವಳು ಅತ್ತುಬಿಟ್ಟಳು. ಕಣ್ಣೊರೆಸಿಕೊಳ್ಳಲೂ ಇಲ್ಲ. ಪಕ್ಕದಲ್ಲಿ ವಿವಿಕ್ ಟೀಚರ್ ಸೆರಗಿನಂತಿದ್ದ ತಲೆವಸ್ತ್ರದ ತುದಿಗೆ ಮೂಗು ಸೀಟುತ್ತಿದ್ದಳು.

ಹಾಡು ಮುಗಿದು ಹೆಂಕಿ ನೀರು ಕುಡಿದ. ಮೈಕು ಹತ್ತಿರ ಬಂದು ಕೆಮ್ಮಿದ.

"ಮಲಾಂಗ್‌ನೋರೇ, ನಿಮಗೆ ಗೊತ್ತಲ್ಲ, ಇಲ್ಲಿ ಹಾಡೋ ದಿನ ನಾವು ಸ್ನಾನ ಮಾಡಲ್ಲ. ಇವತ್ತೂ ಮಾಡಿಲ್ಲ. ತೊಟೊಕ್‌ನ ನಾನೇ ಮೂಸಿ ನೋಡಿದೀನಿ." ಮೈದಾನವೆಲ್ಲ ನಕ್ಕಿತು. "ಹಾಗೆ ಅಂತ ನಮಗೆ ಕಟ್ಟುಪಾಡು ಮಾಡಿದೋರು ಇಪ್ಪತ್ತೆಂಟು ವರ್ಷ ಹಿಂದೆ ಕೂತಿದ್ರು. ಇವತ್ತು ಟಿಕೆಟ್ ತಗೊಂಡು ನಿಮ್ಮ ಮಧ್ಯೆ ನಿಂತಿದಾರಂತೆ. ಬು ತುಮಿರಾ, ಎಲ್ಲಿದೀರೋ ಗೊತ್ತಿಲ್ಲ. ಸ್ವಲ್ಪ ಈ ಕಡೆ ನೋಡ್ಕೊಳ್ಳಿ ಬು, ಇನ್ನು ಐದೇ ಹಾಡು."

ಜನ ಮತ್ತೆ ಹೋ ಎಂದರು. ಈ ಸಲದ ಹೋ ತನಗೆ. ತುಮಿರಾ ಕಂಬಿಯ ಹಿಂದೆ ಕುಗ್ಗಿ ನಿಂತಳು. ಅವಳು ಕೈ ಎತ್ತಲಿಲ್ಲ. ಆಗಲೇ ಗುಡುಗಿತು. ತಂಪು ಗಾಳಿ ಎದ್ದು ವೇದಿಕೆಯ ಪರದೆಯನ್ನು ಪಟಪಟ ಬಡಿಯಿತು. ಬಸುಕಿಯ ಆಳುಗಳು ಪ್ಲಾಸ್ಟಿಕ್ ಹೊದಿಕೆ ಹಿಡಿದು ಓಡಾಡತೊಡಗಿದರು. ಹೆಂಕಿ ಮುಂದಿನ ಹಾಡು ಎತ್ತಿಕೊಂಡ. ತುಮಿರಾಗೆ ಪದಪದವೂ ಬರುತ್ತಿತ್ತು, ಬಾಯಿಬಿಟ್ಟು ಹಾಡಿದಳು. ವೇದಿಕೆಯ ಹಿಂದೆ ಕೂತಾಗ ತುಟಿ ಅಲುಗಿಸುವಂತಿರಲಿಲ್ಲ. ಹಾಡುತ್ತ ಹಾಡುತ್ತ ಮಾನದ ಯೋಚನೆ ಎಲ್ಲಿ ಹೋಯಿತೋ. ಈ ಐದು ಹಾಡು ಮುಗಿಯಲಿ, ಇವರು ಒದ್ದೆಯಾಗದಿರಲಿ, ನನ್ನದು ಏನು ಬೇಕಾದರೂ ಆಗಲಿ ಎನ್ನಿಸಿತು. ಹಾಗೆ ಅನ್ನಿಸಿದ್ದನ್ನು ಅವಳು ಕಾವಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಮಳೆ ಬರಲಿಲ್ಲ. ಮೋಡ ದಕ್ಷಿಣಕ್ಕೆ ಸರಿದು ಕೆಪಂಜೆನ್ ಕಡೆ ಸುರಿಯಿತಂತೆ. ಐದೂಕಾಲಿಗೆ ಕೊನೆಯ ಹಾಡು ಮುಗಿದು ನಾಲ್ವರೂ ಕೈ ಕೈ ಹಿಡಿದು ಬಾಗಿದಾಗ ಮೈದಾನದ ಹುಲ್ಲು ಒಣಗಿಯೇ ಇತ್ತು. ಜನ ಅಳುತ್ತಿದ್ದರು, ನಗುತ್ತಿದ್ದರು, ಗುರುತಿಲ್ಲದವರನ್ನು ತಬ್ಬಿಕೊಳ್ಳುತ್ತಿದ್ದರು. ವಿವಿಕ್ ತುಮಿರಾಳನ್ನು ತಬ್ಬಿ, ಊರಿಗೆ ಬಂದಾಗ ಪೆಚೆಲ್ ತಿನ್ನಲು ಬಂದೇ ಬರುತ್ತೇನೆಂದು ಆಣೆ ಮಾಡಿ ಹೋದಳು.

ಬಸುಕಿ ಹುಡುಕಿಕೊಂಡು ಬಂದು ಅವಳನ್ನು ವೇದಿಕೆಯ ಹಿಂದಕ್ಕೆ ಎಳೆದುಕೊಂಡು ಹೋದ. ಅಲ್ಲಿ ಸಾಮಾನು ಹೊರುವವರು, ದೀಪದವರು, ಕುರ್ಚಿಯಲ್ಲಿ ಬೆವರೊರೆಸಿಕೊಳ್ಳುತ್ತಿದ್ದ ಆ ನಾಲ್ವರು, ಎಲ್ಲ ಅವಳಿಗಾಗಿಯೇ ಕಾದಿದ್ದರು. ದೀಪದವರಲ್ಲಿ ಒಬ್ಬ ಅವಳ ಕೈಯನ್ನು ಹಣೆಗೊತ್ತಿಕೊಂಡ. ಇನ್ನೊಬ್ಬನೂ ಬಂದ.

"ನೋಡಿದ್ರೇನ್ರೋ?" ಬಸುಕಿ ಹೆಮ್ಮೆಯಿಂದ ಕೂಗಿದ. "ಪೊರಕೆ ಇಲ್ಲ, ಧೂಪ ಇಲ್ಲ! ಜನದ ಮಧ್ಯೆ ನಿಂತ್ಕೊಂಡೇ ತಡೆದ್ರು! ಮುಖ ಕಾವಿ ಕಡೆಗೇ ಇತ್ತಲ್ಲ ಬು? ನಾನು ಮೇಲಿಂದ ನೋಡ್ತಾನೇ ಇದ್ದೆ."

ಹೆಂಕಿ ಎದ್ದು ಬಂದು ಅವಳ ಮುಂದೆ ನಿಂತ. ಹತ್ತಿರದಿಂದ ಅವನು ಮತ್ತೆ ಅದೇ ಹಳೆಯ ಹೆಂಕಿ, ಬೆವರು ನಾರುವ, ಕಣ್ಣ ಕೆಳಗೆ ಚೀಲ ಬಿದ್ದ ಮುದುಕ. "ಕೊನೇ ಸಲಾನೂ ಕೈ ಬಿಡ್ಲಿಲ್ಲ ನೀವು," ಎಂದ.

ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ನಾಳೆ ಬೆಳಗಾಗುವುದರೊಳಗೆ ಊರ ತುಂಬ ಅದೇ ಮಾತಾಗುತ್ತಿತ್ತು; ಪೊರಕೆಯಿಲ್ಲದೆ ಮಳೆ ತಡೆದವಳೆಂದು ಸುರಬಾಯಾದಿಂದ ಜನ ಬರುತ್ತಿದ್ದರು. ತುಮಿರಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇವರ ಮುಂದೆ ಸುಳ್ಳು ಹೇಳುವುದು ಅವಳಿಂದಾಗಲಿಲ್ಲ.

"ಇಲ್ಲ ಮಾಸ್. ನಾನು ತಡೀಲಿಲ್ಲ," ಎಂದಳು. "ಮುಖ ಕಾವಿ ಕಡೆ ಇತ್ತು, ಕಣ್ಣು ನಿಮ್ಮ ಮೇಲಿತ್ತು. ತಲೆಗೆ ಸ್ನಾನ ಮಾಡ್ಕೊಂಡು ಬಂದಿದ್ದೆ. ಐಸ್ ಟೀ ಕುಡ್ದೆ. ಅತ್ತೆ. ಗಂಟಲು ಹರ್ಕೊಂಡು ಹಾಡ್ದೆ. ಮಳೆನ ಆಚೆ ಹೋಗು ಅಂತ ನಾನು ಕೇಳ್ಕೊಳ್ಳಲಿಲ್ಲ. ಅದಾಗಿ ಅದೇ ಬರ್ಲಿಲ್ಲ."

ಅವಳ ಕೈ ಹಿಡಿದುಕೊಂಡಿದ್ದ ದೀಪದವನು ಮೆಲ್ಲಗೆ ಬಿಟ್ಟ.

"ಹಾಗಾದ್ರೆ ಬು," ಎಂದ ಬಸುಕಿ, "ಇಷ್ಟು ವರ್ಷ?"

ತುಮಿರಾ ಆ ಖಾಲಿ ಕುರ್ಚಿಯ ಕಡೆ ನೋಡಿದಳು. ಅದು ಎಂದಿನಂತೆ ವೇದಿಕೆಗೆ ಬೆನ್ನು ಮಾಡಿ ಪಡುವಣಕ್ಕೆ ತಿರುಗಿ ನಿಂತಿತ್ತು. ಜನರೇಟರಿನ ಸದ್ದು ನಿಂತುಹೋಗಿತ್ತು.

"ಗೊತ್ತಿಲ್ಲ ಮಾಸ್. ತಡೀತಾ ಇದ್ದೆ ಅಂತಾನೇ ನಾನೂ ಕೂತಿದ್ದೆ," ಎಂದಳು. "ನನಗೆ ಅದಲ್ಲ ಸಂಕಟ. ಹೆಂಕಿ ಬಸ್‌ಸ್ಟ್ಯಾಂಡ್ ಹಾಡಲ್ಲಿ ಕೈ ನೀಡ್ತಾರಲ್ಲ, ಅದನ್ನ ನಾನು ಇಪ್ಪತ್ತೆಂಟು ವರ್ಷಾನೂ ನೋಡ್ಬಹುದಾಗಿತ್ತು."

ತುಮಿರಾ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಗಂಡ ರಿಕ್ಷಾ ನಿಲ್ಲಿಸಿಕೊಂಡಿದ್ದ ಬಾಗಿಲ ಕಡೆಗೆ ನಡೆದಳು.